ಕೆಡವುವ ಮೊದಲು ಪಿಲ್ಲರ್ ತಟ್ಟಿ ನೋಡಿ

(ಶಿವಮೊಗ್ಗದ ದುರ್ಗಿಗುಡಿಯ ಓದುಗರೊಬ್ಬರ ಪತ್ರ: ‘ಅಪ್ಪ 1988ರಲ್ಲಿ ಕಟ್ಟಿಸಿದ ಮೂರಂತಸ್ತಿನ ಆರ್‌ಸಿಸಿ ಕಟ್ಟಡ ನಮ್ಮದು. ಕೆಳಗೆ ಅಂಗಡಿ, ಮೇಲೆ ಮನೆ. ಈಗ ಮಕ್ಕಳಿಗೆ ಆಫೀಸು, ಕ್ಲಿನಿಕ್ಕುಗಳಿಗೆ ಬಾಡಿಗೆ ಕೊಡುವಂಥ ಹೊಸ ಕಾಂಪ್ಲೆಕ್ಸ್ ಬೇಕು. ಕಂಟ್ರಾಕ್ಟರು ಪೂರ್ತಿ ಕೆಡವಿ ಅನ್ನುತ್ತಾರೆ. ಪಿಲ್ಲರ್, ಬೀಮ್‌ಗಳನ್ನಾದರೂ ಉಳಿಸಿಕೊಳ್ಳಲು ಆಗದೇ?’)

ನಮಸ್ಕಾರ.

ಆಗಬಹುದು. ಪರೀಕ್ಷೆ ಮಾಡಿಸದೆ ಮಾತ್ರ ಜೆಸಿಬಿ ಕರೆಸಬೇಡಿ.

ನಮ್ಮ ಮಲೆನಾಡಿನಲ್ಲಿ ಹಳೆ ಮನೆಯನ್ನು ‘ಬಿಚ್ಚುವುದು’ ಅನ್ನುತ್ತೇವೆ, ಅಲ್ವಾ? ಹೆಂಚು ಇಳಿಸಿ, ರೀಪು, ಪಕಾಸು ತೆಗೆದು, ತೊಲೆ, ಕಂಬಗಳನ್ನು ಒಂದೊಂದೇ ಬಿಡಿಸಿ ಜೋಪಾನ ಮಾಡುತ್ತೇವೆ. ಅಜ್ಜನ ಮನೆಯ ಹಲಸಿನ ಕಂಬ ಮೊಮ್ಮಗನ ಜಗಲಿಯಲ್ಲಿ ನಿಂತಿರುತ್ತದೆ. ಮರದ ಕಂಬ ಗಾಡಿ ಏರಿ ಹೋಗುತ್ತದೆ. ಕಾಂಕ್ರೀಟ್ ಹಾಗಲ್ಲ. ಪಾಯದಿಂದ ಸ್ಲ್ಯಾಬ್‌ವರೆಗೆ ಎಲ್ಲವೂ ಕಂಬಿಯಿಂದ ಬೆಸೆದುಕೊಂಡಿರುತ್ತದೆ. ಕೆಡವಿದರೆ ಸಿಗುವುದು ಚೂರು, ಗುಜರಿ ಕಂಬಿ ಅಷ್ಟೇ. ಪಿಲ್ಲರ್, ಬೀಮ್‌ಗಳ ಚೌಕಟ್ಟನ್ನು ಮತ್ತೆ ಬಳಸಬೇಕಾದರೆ ನಿಂತಲ್ಲೇ ಬಿಡಬೇಕು, ಹೊಸ ಕಟ್ಟಡವೇ ಅದರ ಹತ್ತಿರ ಬರಬೇಕು.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1976ರ ಒಂದು ಆಫೀಸು ಗೋಪುರವಿತ್ತು. ಅದನ್ನು ಪೂರ್ತಿ ಕೆಡವಲಿಲ್ಲ. ಹಳೆಯ ಪಿಲ್ಲರ್, ಬೀಮ್, ಸ್ಲ್ಯಾಬ್‌ಗಳಲ್ಲಿ ಸುಮಾರು ಶೇ 65ರಷ್ಟು, ಲಿಫ್ಟು, ಮೆಟ್ಟಿಲು ಇರುವ ನಡುಭಾಗದ ಗೋಡೆಗಳಲ್ಲಿ ಶೇ 95ರಷ್ಟು ಉಳಿಸಿ, ಪಕ್ಕಕ್ಕೆ ಹೊಸ ಭಾಗ ಸೇರಿಸಿದರು. 2022ರಲ್ಲಿ ಅದು ಕ್ವೇ ಕ್ವಾರ್ಟರ್ ಟವರ್ ಆಗಿ ಎದ್ದು ನಿಂತಿತು. ಅಷ್ಟು ಎತ್ತರದ ಕಟ್ಟಡಕ್ಕೇ ಸಾಧ್ಯವಾದದ್ದು ಮೂರಂತಸ್ತಿಗೆ ಯಾಕಾಗಬಾರದು?

ಆದರೆ ನಮ್ಮಲ್ಲಿ ಮಳೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಂಕ್ರೀಟು ನೀರು ಕುಡಿಯುತ್ತಲೇ ಇರುತ್ತದೆ. ಒಳಗಿನ ಕಂಬಿಗೆ ತುಕ್ಕು ಹಿಡಿದರೆ ಅದು ಊದುತ್ತದೆ, ಹೊರಗಿನ ಪದರ ಸಿಡಿದು ಉದುರುತ್ತದೆ. ಬಚ್ಚಲಿನ ಪಕ್ಕದ ಪಿಲ್ಲರ್, ಕಿಟಕಿ ಮೇಲಿನ ಸಜ್ಜೆಯ ಕೆಳಭಾಗ, ಟ್ಯಾಂಕಿನ ಕೆಳಗಿನ ಸ್ಲ್ಯಾಬ್, ಇವನ್ನು ಮೊದಲು ನೋಡಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಅಲ್ಲಿ ಗುರುತು ಹಾಕಿ.

ಅಲ್ಲಿಂದ ಮುಂದೆ ಸ್ಟ್ರಕ್ಚರಲ್ ಇಂಜಿನಿಯರ್ ಕೆಲಸ. ಕೆಡವುವ ಗುತ್ತಿಗೆ ಹಿಡಿಯುವವರನ್ನೇ ಈ ಪ್ರಶ್ನೆ ಕೇಳಬೇಡಿ. ರಿಬೌಂಡ್ ಹ್ಯಾಮರ್ (ಕಾಂಕ್ರೀಟಿಗೆ ಬಡಿದು ಪುಟಿಯುವುದರಿಂದ ಗಟ್ಟಿತನ ಅಳೆಯುವ ಉಪಕರಣ), ಅಲ್ಟ್ರಾಸೌಂಡ್ ಪರೀಕ್ಷೆ ಮಾಡಿಸಿ. ಕೆಲವು ಕಡೆ ಕೋರ್, ಅಂದರೆ ಕೊರೆದು ತೆಗೆದ ಕಾಂಕ್ರೀಟಿನ ಉರುಟು ತುಂಡು, ತೆಗೆದು ಒತ್ತಡಕ್ಕೆ ಹಾಕಿ ನೋಡಲಿ. ಪಾಯದ ಪಕ್ಕ ಅಗೆದು ಅದರ ಅಳತೆಯನ್ನೂ ನೋಡಲಿ. ಹಳೆಯ ನಕ್ಷೆ ಅಪ್ಪನ ಪೆಟ್ಟಿಗೆಯಲ್ಲಿದ್ದರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ. ಸೋತ ಪಿಲ್ಲರ್‌ಗೆ ಸುತ್ತ ಹೊಸ ಕಂಬಿ ಕಟ್ಟಿ ಕಾಂಕ್ರೀಟ್ ಹಾಕುವ ಜಾಕೆಟಿಂಗ್ ಇದೆ. ಮುಕ್ಕಾಲು ಪಾಲು ಪಿಲ್ಲರ್‌ಗಳಿಗೂ ಅದೇ ಬೇಕು ಎಂದರೆ ಕೆಡವುವುದೇ ಸರಿ. ಹಾಗೆ ಹೇಳಲು ನನಗೂ ಸಂಕಟವೇ.

ಚೌಕಟ್ಟು ಗಟ್ಟಿ ಎಂದು ಬಂದರೆ ಒಳಗಿನ ಇಟ್ಟಿಗೆ ಗೋಡೆಗಳನ್ನು ತೆಗೆಯಬಹುದು, ಏಕೆಂದರೆ ಭಾರ ಹೊರುವುದು ಪಿಲ್ಲರ್‌ಗಳು. (ಇದನ್ನೂ ಇಂಜಿನಿಯರ್ ನೋಡಿ ಹೇಳಬೇಕು. ಕೆಲವು ಹಳೆ ಕಟ್ಟಡಗಳಲ್ಲಿ ಅರ್ಧ ಭಾರ ಗೋಡೆಯ ಮೇಲೇ ಇರುತ್ತದೆ.) ಅಲ್ಲಿ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಬ್ಲಾಕ್) ಹಾಕಿಸಿದರೆ ಗೋಡೆಯ ತೂಕ ಇಟ್ಟಿಗೆಯ ಸುಮಾರು ಮೂರನೇ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಹೀಗೆ ಕಡಿಮೆಯಾದ ಭಾರದ ಬದಲಿಗೆ ಮೇಲೆ ಇನ್ನೇನಾದರೂ ಹೊರಿಸಬಹುದೇ ಎಂದು ಲೆಕ್ಕ ಹಾಕಿಸಿ. ಪಾಲಿಕೆಯ ಅನುಮತಿ ಮರೆಯಬೇಡಿ.

ಜಗತ್ತು ಉಗುಳುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 8ರಷ್ಟು ಸಿಮೆಂಟಿನದ್ದು. ನಿಮ್ಮ ಪಿಲ್ಲರ್‌ಗಳಿಗಾಗಿ ಸುಣ್ಣಕಲ್ಲು ಸುಟ್ಟಾಗಿದೆ, ತುಂಗೆಯಂಥ ಹೊಳೆಗಳ ಮರಳು ಎತ್ತಿಯಾಗಿದೆ. ಅದನ್ನು ಸುಮ್ನೆ ಮಣ್ಣುಪಾಲು ಮಾಡುವುದು ನನಗೆ ಒಪ್ಪಿಗೆಯಿಲ್ಲ. ಮಕ್ಕಳಿಗೆ ಇದನ್ನು ಹೇಳಿ. ವರದಿ ಬಂದ ಮೇಲೆ ಇನ್ನೊಂದು ಪತ್ರ ಬರೆಯಿರಿ, ಮುಂದಿನದನ್ನು ಮಾತಾಡೋಣ.

– ಸಂ.