ಲೂಪಸ್: ಜೀನ್ ಕಿಟ್ ನಂಬಿ ಮೂತ್ರ ಪರೀಕ್ಷೆ ಬಿಡಬೇಡಿ

ಪ್ರಶ್ನೆ: ಅಕ್ಕನಿಗೆ ಲೂಪಸ್ ಇದೆ. ಎಂಜಲು ಕಳಿಸಿ ಮಾಡಿಸಿದ ಜೀನ್ ಪರೀಕ್ಷೆಯಲ್ಲಿ ನನಗೆ ‘ಅಪಾಯ ಕಡಿಮೆ’ ಎಂದು ಬಂದಿದೆ. ನಿಶ್ಚಿಂತೆಯಿಂದ ಇರಬಹುದೇ?

ಉತ್ತರ: ಆ ರಿಪೋರ್ಟ್ ಬದಿಗಿಡಿ. ಇದೇ ಪ್ರಶ್ನೆ ಪದೇ ಪದೇ ಬರುತ್ತಿದೆ, ಬಿಡಿಸಿ ಹೇಳುತ್ತೇನೆ. ಲೂಪಸ್ ಅಂದರೆ ದೇಹದ ರೋಗನಿರೋಧಕ ಶಕ್ತಿಯೇ ತನ್ನ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ. ಲೂಪಸ್‌ನ ಅಪಾಯ ನೂರಕ್ಕೂ ಹೆಚ್ಚು ಜೀನ್ ತಾಣಗಳಲ್ಲಿ ಚೂರುಚೂರಾಗಿ ಹಂಚಿಹೋಗಿದೆ. ಎಲ್ಲ ಜನರಲ್ಲೂ ಅವೇ ಚೂರುಗಳಿಲ್ಲ. ಯುರೋಪಿನವರಲ್ಲಿ ಸಿಗುವ ಪಿಟಿಪಿಎನ್22 ಎಂಬ ಜೀನ್‌ನ ಅಪಾಯಕಾರಿ ರೂಪ ಪೂರ್ವ ಏಷ್ಯಾದಲ್ಲಿ ಇಲ್ಲವೆನ್ನುವಷ್ಟು ಅಪರೂಪ, ಭಾರತೀಯರಲ್ಲೂ ವಿರಳ. ಎಪಿಒಎಲ್1 ಎಂಬ ಇನ್ನೊಂದು ಜೀನ್‌ನ ಜಿ1, ಜಿ2 ರೂಪಗಳು ಪಶ್ಚಿಮ ಆಫ್ರಿಕಾ ಮೂಲದವರವು. ಆಫ್ರಿಕಾದ ನಿದ್ದೆಕಾಯಿಲೆಯಿಂದ ಕಾಪಾಡುವ ಅವೇ ರೂಪಗಳು ತಂದೆ-ತಾಯಿ ಇಬ್ಬರಿಂದಲೂ ಬಂದರೆ ಲೂಪಸ್ ತಗಲಿದ ಕಿಡ್ನಿ ಬೇಗ ಕೈಕೊಡುತ್ತದೆ. ನಮ್ಮವರಲ್ಲಿ ಸಾಮಾನ್ಯವಾಗಿ ಕಾಣದ್ದನ್ನು ಹುಡುಕಿ ‘ಇಲ್ಲ’ ಎಂದು ಬರೆದರೆ ಅದು ಭರವಸೆಯಾಗದು. ಇಂಥ ಕಿಟ್‌ಗಳು ಕೊಡುವ ಅಪಾಯದ ಅಂಕಗಳ ಲೆಕ್ಕಾಚಾರ ಹೆಚ್ಚಾಗಿ ಯುರೋಪಿನವರ ಮಾಹಿತಿಯ ಮೇಲೇ ನಿಂತಿದೆ. ಅಷ್ಟಕ್ಕೂ ಒಂದೇ ಜೀನ್‌ಗಳಿರುವ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವುದು ಸುಮಾರು ನಾಲ್ಕರಲ್ಲಿ ಒಂದು ಸಲ.

ಬಿಸಿಲಿಗೆ ಕೆನ್ನೆ ಕೆಂಪಾಗುವುದು, ನೋವಿಲ್ಲದ ಬಾಯಿಹುಣ್ಣು, ಬೆಳಗ್ಗೆ ಬೆರಳು ಮಡಚಲಾಗದಿರುವುದು, ನೊರೆ ಮೂತ್ರ, ಇವುಗಳಲ್ಲಿ ಒಂದು ಕಂಡರೂ ಬಿಪಿ ನೋಡಿಸಿ, ಕಿಡ್ನಿಯಿಂದ ಪ್ರೋಟೀನ್ ಸೋರುತ್ತಿದೆಯೇ ಎಂದು ತೋರಿಸುವ ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ ಮಾಡಿಸಿ. ಬೆಳಗಿನ ಮೊದಲ ಮೂತ್ರ, ನಡುಧಾರೆ, ಎರಡು ಗಂಟೆಯೊಳಗೆ ಲ್ಯಾಬ್ ಸೇರಬೇಕು. ತಡವಾದರೆ ಕಿಡ್ನಿ ಉರಿಯೂತದ ಸುಳಿವು ಕೊಡುವ ಕಣಗಳು ಕರಗುತ್ತವೆ. ಮುಟ್ಟಿನ ದಿನ ಬೇಡ. ಅನುಪಾತ 0.5 ದಾಟಿಯೇ ಇದ್ದರೆ ಕಿಡ್ನಿ ಬಯಾಪ್ಸಿ ಮುಂದೂಡಬೇಡಿ.

ಜೀನ್ ಪರೀಕ್ಷೆಗೆ ದುಡ್ಡು ಹಾಕುವುದಾದರೆ ಅಕ್ಕನಿಗೆ ಹಾಕಿ. ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್ ಮಾತ್ರೆ ಶುರುಮಾಡುವ ಮೊದಲು, ಅದನ್ನು ದೇಹ ಅರಗಿಸಿಕೊಳ್ಳಲು ನೆರವಾಗುವ ಜೀನ್ ಆದ ಎನ್‌ಯುಡಿಟಿ15 ನೋಡಿಸಿ. ಅಂಥದ್ದೇ ಇನ್ನೊಂದು ಜೀನ್ ಟಿಪಿಎಂಟಿ ಒಂದನ್ನೇ ನೋಡುವುದು ಯುರೋಪಿನ ರೂಢಿ. ಏಷ್ಯನ್ನರಲ್ಲಿ ಹೆಚ್ಚು ಸಿಗುವ ದೋಷ ಎನ್‌ಯುಡಿಟಿ15ರಲ್ಲಿದೆ. ಆ ಜೀನ್‌ನ ಎರಡೂ ಪ್ರತಿ ಕೆಟ್ಟಿದ್ದರೆ ಕೆಲವೇ ವಾರಗಳಲ್ಲಿ ಬಿಳಿರಕ್ತಕಣ ಕುಸಿದು, ಕೂದಲು ಗೊಂಚಲುಗೊಂಚಲಾಗಿ ಉದುರುತ್ತದೆ. ಪರೀಕ್ಷೆ ಸರಿ ಬಂದರೂ ಮೊದಲ ತಿಂಗಳು ವಾರಕ್ಕೊಮ್ಮೆ ರಕ್ತಕಣ ಎಣಿಸಲೇಬೇಕು.

ಪ್ರಶ್ನೆ: ತೊಂದರೆ ಏನಿಲ್ಲ, ಆದರೆ ಲೂಪಸ್ ಶಂಕೆಯಲ್ಲಿ ಮಾಡುವ ರಕ್ತ ಪರೀಕ್ಷೆ ಎಎನ್‌ಎ 1:80 ಬಂದಿದೆ.

ಉತ್ತರ: ತೊಂದರೆ ಇಲ್ಲದಿದ್ದರೆ ಇಷ್ಟರಿಂದಲೇ ಲೂಪಸ್ ಎನ್ನಲಾಗದು. ಮತ್ತೆ ಮತ್ತೆ ಮಾಡಿಸಬೇಡಿ.

ಪ್ರಶ್ನೆ: ರಕ್ತಶುದ್ಧಿ ಕಷಾಯ ಕುಡಿದು ಲೂಪಸ್ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ನಿಲ್ಲಿಸಲೇ?

ಉತ್ತರ: ಖಂಡಿತ ಬೇಡ. ಮಾತ್ರೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ಕಷಾಯದಲ್ಲಿ ಏನು ಬೆರೆಸಿದ್ದೇವೆಂದು ಹೇಳದವರು ವೈದ್ಯರಲ್ಲ.

ಪ್ರಶ್ನೆ: ಸೋದರಮಾವನನ್ನೇ ಮದುವೆಯಾಗಿದ್ದೇನೆ. 4 ವರ್ಷದ ಮಗುವಿಗೆ ಲೂಪಸ್ ಎನ್ನುತ್ತಾರೆ.

ಉತ್ತರ: ಇಲ್ಲಿ ಒಂದೇ ಜೀನ್ ಕಾರಣವಿರಬಹುದು. ರಕ್ತದಲ್ಲಿರುವ ‘ಕಾಂಪ್ಲಿಮೆಂಟ್’ ಎಂಬ ರಕ್ಷಣಾ ಪ್ರೋಟೀನ್‌ಗಳನ್ನು ಅಳೆಯುವ ಸಿ3, ಸಿ4, ಸಿಎಚ್50 ಪರೀಕ್ಷೆ ಮಾಡಿಸಿ. ಸಿ3 ಸರಿಯಿದ್ದೂ ಸಿಎಚ್50 ತಳ ಕಂಡಿದ್ದರೆ ಅವುಗಳಲ್ಲೇ ಒಂದಾದ ಸಿ1ಕ್ಯೂ ಪ್ರೋಟೀನಿನ ಕೊರತೆ ಹುಡುಕಬೇಕು. ಖಚಿತವಾದರೆ ಮುಂದಿನ ಪ್ರತಿ ಮಗುವಿಗೂ ಅದೇ ಕೊರತೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದರಷ್ಟು; ಇನ್ನೊಂದು ಮಗುವಿಗೆ ಯೋಚಿಸುವ ಮೊದಲೇ ಆನುವಂಶಿಕ ತಜ್ಞರನ್ನು ಕಾಣಿ.