ಹರಿದು ಹಾಕಿದರೆ ಜಿಪಿಎ ರದ್ದಾಗುವುದಿಲ್ಲ

ತೀರ್ಥಹಳ್ಳಿ ತಾಲ್ಲೂಕಿನ ಓದುಗರೊಬ್ಬರು ಅಡಿಕೆ ತೋಟ ನೋಡಿಕೊಳ್ಳಲೆಂದು ಸೋದರಳಿಯನಿಗೆ ನೋಂದಾಯಿತ ಜಿಪಿಎ (ತಮ್ಮ ಪರವಾಗಿ ವ್ಯವಹರಿಸಲು ಕೊಡುವ ಸಾಮಾನ್ಯ ಅಧಿಕಾರ ಪತ್ರ) ಬರೆದುಕೊಟ್ಟಿದ್ದಾರೆ. ಮಾರುವ ಅಧಿಕಾರವೂ ಅದರಲ್ಲಿದೆ. ಈಗ ನಂಬಿಕೆ ಉಳಿದಿಲ್ಲ. ಮೂಲ ಪತ್ರ ವಾಪಸು ಪಡೆದು ಹರಿದರೆ ಸಾಕೇ, ಪೇಪರಿನಲ್ಲಿ ಪ್ರಕಟಣೆ ಕೊಟ್ಟರೆ ಸಾಕೇ ಎಂದು ಕೇಳಿದ್ದಾರೆ.

ಎರಡೂ ಸಾಲದು. ದೃಢೀಕೃತ ನಕಲು ಸೋದರಳಿಯನ ಬಳಿ ಉಳಿದಿರಬಹುದು. 1872ರ ಕರಾರು ಕಾಯ್ದೆಯ 208ನೇ ಕಲಮಿನ ಪ್ರಕಾರ, ರದ್ದತಿ ನಿಮ್ಮ ಸೋದರಳಿಯನಿಗೆ ತಿಳಿದಾಗ ಅವರ ಮಟ್ಟಿಗೆ ಜಾರಿಯಾಗುತ್ತದೆ. ಹೊರಗಿನವರಿಗೆ ತಿಳಿದಾಗಲೇ ಅವರ ಮಟ್ಟಿಗೆ ಜಾರಿ. ಆದ್ದರಿಂದ ಪತ್ರ ಬರೆಸುವುದು ಅರ್ಧ ಕೆಲಸ, ತಿಳಿಸಿದ್ದಕ್ಕೆ ಪುರಾವೆ ಇಟ್ಟುಕೊಳ್ಳುವುದು ಇನ್ನರ್ಧ.

ಮೊದಲು ಜಿಪಿಎಯನ್ನು ಪೂರ್ತಿ ಓದಿ. ನೀವು ಅವರಿಂದ ಹಣ ಪಡೆದು, ಕ್ರಯದ ಕರಾರಿನ ಜೊತೆಗೆ ಬರೆದುಕೊಟ್ಟಿದ್ದರೆ 202ನೇ ಕಲಮು ಅಡ್ಡ ಬರುತ್ತದೆ: ಆಸ್ತಿಯಲ್ಲಿ ಅವರಿಗೆ ಹಿತಾಸಕ್ತಿ ಹುಟ್ಟಿದ್ದರೆ ಒಬ್ಬರೇ ರದ್ದು ಮಾಡಲಾಗದು. ಹಾಗಿದ್ದರೆ ವಕೀಲರನ್ನು ಕಾಣದೆ ಮುಂದಿನ ಹೆಜ್ಜೆ ಇಡಬೇಡಿ. ಬರೀ ಉಸ್ತುವಾರಿಗೆ ಕೊಟ್ಟದ್ದಾದರೆ ಅವರ ಒಪ್ಪಿಗೆಯೂ ಬೇಡ, ಸಹಿಯೂ ಬೇಡ.

ರದ್ದು ಪತ್ರದಲ್ಲಿ ಜಿಪಿಎ ತಾರೀಕು, ದಸ್ತಾವೇಜು ಸಂಖ್ಯೆ, ನೋಂದಣಿಯಾದ ಉಪನೋಂದಣಿ ಕಚೇರಿ, ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ಎಲ್ಲವೂ ಮೂಲದಲ್ಲಿದ್ದಂತೆಯೇ ಬರಲಿ. ಒಂದು ಅಂಕಿ ತಪ್ಪಿದರೂ ಯಾವ ಪತ್ರ ರದ್ದಾಯಿತೆಂಬ ತಕರಾರಿಗೆ ದಾರಿ. ಅದೇ ಕಚೇರಿಯಲ್ಲೇ ನೋಂದಾಯಿಸಿ. ದಾಖಲೆ ತಾಳೆ ನೋಡುವುದು ಸುಲಭ.

ಬಹಳ ಮಂದಿ ಎಡವುವುದು ಇಲ್ಲಿ. ಜಿಪಿಎಯೂ ಅದರ ರದ್ದು ಪತ್ರವೂ ಸಾಮಾನ್ಯವಾಗಿ ಉಪನೋಂದಣಿ ಕಚೇರಿಯ ನಾಲ್ಕನೇ ಪುಸ್ತಕದಲ್ಲಿ ದಾಖಲಾಗುತ್ತವೆ. ಜಮೀನಿನ ಋಣಭಾರ ಪತ್ರ (ಇ.ಸಿ.) ತೆಗೆಯುವುದು ಒಂದನೇ ಪುಸ್ತಕದಿಂದ. ಕೊಳ್ಳುವವನು ಇ.ಸಿ. ನೋಡಿದರೂ ನಿಮ್ಮ ರದ್ದತಿ ಕಣ್ಣಿಗೆ ಬೀಳದೇ ಹೋಗಬಹುದು. ಆದ್ದರಿಂದ ತೋಟ ಯಾವ ಉಪನೋಂದಣಿ ಕಚೇರಿಯ ವ್ಯಾಪ್ತಿಗೆ ಬರುತ್ತದೋ ಅಲ್ಲಿಗೆ, ತಹಶೀಲ್ದಾರರಿಗೆ, ಸಾಲವಿದ್ದರೆ ಬ್ಯಾಂಕು ಮತ್ತು ಸೊಸೈಟಿಗೆ, ಅಡಿಕೆ ಹಾಕುವ ಮಂಡಿಗೆ ರದ್ದು ಪತ್ರದ ನಕಲಿನೊಂದಿಗೆ ಬರೆದು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಮಂಡಿಯನ್ನು ಮರೆಯಬೇಡಿ. ಕೊಯ್ಲಿನ ಹೊತ್ತಿಗೆ ದುಡ್ಡು ಅಲ್ಲೇ ಕೈ ಬದಲಾಗುವುದು.

ಸೋದರಳಿಯನಿಗೆ ನೋಟಿಸನ್ನು ಅಂಚೆಯಲ್ಲೇ ಕಳಿಸಿ. ನೋಂದಾಯಿತ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ರಿಜಿಸ್ಟ್ರೇಷನ್ ಸೌಲಭ್ಯ ಮತ್ತು ಬಟವಾಡೆಯ ಪುರಾವೆ ಬೇಕೆಂದು ಕೌಂಟರಿನಲ್ಲೇ ಹೇಳಿ. ಮೂಲ ಪತ್ರ, ನಕಲುಗಳು, ಈವರೆಗಿನ ಲೆಕ್ಕ ಒಪ್ಪಿಸುವಂತೆ ಅದರಲ್ಲೇ ಕೇಳಿ. 'ನಿರಾಕರಿಸಿದ್ದಾರೆ' ಎಂಬ ಷರಾದೊಂದಿಗೆ ಲಕೋಟೆ ಮರಳಿದರೆ ಒಡೆಯದೆ ಹಾಗೇ ಇಡಿ, ಅದೇ ಸಾಕ್ಷಿ. ಇಷ್ಟಾದ ಮೇಲೆ ಸರ್ವೆ ನಂಬರು, ಊರು, ಹೋಬಳಿ ಸಹಿತ ಜಿಲ್ಲೆಯಲ್ಲಿ ಓಡಾಡುವ ಪತ್ರಿಕೆಯಲ್ಲಿ ಪ್ರಕಟಣೆ ಕೊಡಿ.

ರದ್ದತಿಗೆ ಮುಂಚೆ ಅವರು ಅಧಿಕಾರದೊಳಗೆ ಮಾಡಿದ್ದಕ್ಕೆ ನೀವು ಬದ್ಧರು. ಹಾಗಾಗಿ ಇವತ್ತೇ ಒಂದು ಇ.ಸಿ., ಒಂದು ಪಹಣಿ ತೆಗೆಸಿ, ರದ್ದಾದ ಕೆಲವು ತಿಂಗಳ ನಂತರ ಮತ್ತೊಮ್ಮೆ ತೆಗೆಸಿ. ಮೋಸದ ಕ್ರಯಪತ್ರ ಕಂಡುಬಂದರೆ ರದ್ದು ಪತ್ರದಿಂದ ಅದು ಬೀಳದು. ಸಿವಿಲ್ ದಾವೆಯೇ ಬೇಕು, ತಿಳಿದ ದಿನದಿಂದ 3 ವರ್ಷದೊಳಗೆ.