ಮಾಜಾಳಿ ದಾಟುವ ಮಾಲಿಗೆ ಹೊಣೆ ಯಾರು?

ಗೋವಾಕ್ಕೆ ಕಳಿಸೋ ಮಾಲು ಲಾರಿಗೆ ಹಾಕಿದ ಮೇಲೆ ನಮ್ಮ ಕೆಲಸ ಮುಗೀತಲ್ವಾ ಅಂತ ಕೇಳಿದ್ದೀರಿ. ಮುಗಿಯಲ್ಲ. ನೀವು ಬೆಂಗಳೂರಿನಿಂದ ಹೊಸದಾಗಿ ಬಂದವರು, ಅದಕ್ಕೇ ಬಿಡಿಸಿ ಹೇಳ್ತೇನೆ. ಕಾರವಾರದ ನಮಗೆ ಗೋವಾ ಅಂದ್ರೆ ಪಕ್ಕದ ಓಣಿ ಇದ್ದ ಹಾಗೆ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಕನ್ನಡ, ನೆಂಟಸ್ತನ ಗೋವಾದ ಕಾಣಕೋಣಕ್ಕೆ. ಆದ್ರೆ ಕಾಗದದ ಲೆಕ್ಕದಲ್ಲಿ ಗಡಿ ಚೆಕ್‌ಪೋಸ್ಟ್ ಇರೋ ಮಾಜಾಳಿ ಆಚೆ ಬೇರೆ ರಾಜ್ಯ, ಈ ಸಲುಗೆಯಲ್ಲೇ ನಾವು ಎಡವೋದು.

ನಾನೇ ಒಮ್ಮೆ ಶಿರಸಿಯಿಂದ ತರಿಸಿದ ಜೋನಿ ಬೆಲ್ಲ (ಪಾಕದ ಹಾಗಿರೋ ನೀರು ಬೆಲ್ಲ) ನಾಲ್ಕು ಡಬ್ಬಿ ಮಡಗಾಂವ್‌ನ ಭಾವನಿಗೆ ಕಳಿಸಿದ್ದೆ. ಬುಕಿಂಗ್ ಫಾರ್ಮಿನಲ್ಲಿ ಅವಸರಕ್ಕೆ 'ಮನೆ ಸಾಮಾನು' ಅಂತ ಬರೆದೆ. ಮುಚ್ಚಳಕ್ಕೆ ಟೇಪು ಸುತ್ತಿದ್ದೇ ದೊಡ್ಡ ಪ್ಯಾಕಿಂಗು. ಏಪ್ರಿಲ್ ಸೆಕೆಗೆ ಒಂದು ಡಬ್ಬಿ ಉಬ್ಬಿ ಬಾಯಿ ಬಿಟ್ಟು, ಬೆಲ್ಲ ಕೆಳಗಿದ್ದ ಯಾರದೋ ಬಟ್ಟೆ ಗಂಟಿಗೆ ಇಳಿದಿತ್ತು. ದೋಸೆಗೆ ಚೆಂದ, ಸೀರೆಗಲ್ಲ. ಟ್ರಾನ್ಸ್‌ಪೋರ್ಟಿನವರು ನನಗೇ ಫೋನ್ ಮಾಡಿದರು. ಜಗಳ ಆಡೋಣ ಅಂದ್ರೆ ಫಾರ್ಮಿನ ಕೆಳಗೆ ನನ್ನದೇ ಸಹಿ!

1865ರ ಹಳೇ ಕಾನೂನಿನ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆ ಇದನ್ನು ನೇರವಾಗಿಯೇ ಹೇಳುತ್ತದೆ. ಮಾಲು ಏನು, ಬೆಲೆ ಎಷ್ಟು, ಅಪಾಯದ್ದಾ ಅಂತ ಬರೆದುಕೊಡಬೇಕಾದವನು ಕಳಿಸುವವನು. ಅದು ತಪ್ಪಾಗಿದ್ದು ಸಾಗಿಸುವವನಿಗೆ ನಷ್ಟವಾದರೆ ತುಂಬಿಕೊಡಬೇಕಾದವನೂ ಅವನೇ. ಭಾವನೂ ಅಲ್ಲ, ಡ್ರೈವರನೂ ಅಲ್ಲ.

ಬೆಲೆ ಕಮ್ಮಿ ಬರೆಯೋ ಚಟ ಇನ್ನೊಂದು. ಮಾಲು ಕಳೆದುಹೋದರೆ ಮಾಮೂಲಿ ದರದಲ್ಲಿ ಸಿಗೋದು ಹೆಚ್ಚೆಂದರೆ ಬಾಡಿಗೆಯ ಹತ್ತು ಪಟ್ಟು, ಅದೂ ನೀವು ಬರೆದ ಬೆಲೆಯನ್ನು ಮೀರುವಂತಿಲ್ಲ. ಅಂದ್ರೆ 300 ರೂಪಾಯಿ ಬಾಡಿಗೆಗೆ 3,000. ಬೆಲೆಬಾಳುವ ಮಾಲಾದರೆ ಜಾಸ್ತಿ ದರ ಕೊಟ್ಟು ಬುಕ್ ಮಾಡಿ.

50,000 ರೂಪಾಯಿ ಮೀರಿದ ವ್ಯಾಪಾರದ ಮಾಲಿಗೆ ಇ-ವೇ ಬಿಲ್, ಅಂದ್ರೆ ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಚೀಟಿ ಬೇಕು. ಬಳಸಿದ ಮನೆಸಾಮಾನಿಗೆ ಬೇಡ, ನಿಮ್ಮ ಹಳೇ ಮಂಚ, ಕಪಾಟಿಗೆ ಚಿಂತೆ ಇಲ್ಲ. ಗೋವಾದಿಂದ ಈಚೆಗೆ ತರಿಸುವಾಗ ಮಾತ್ರ ಮಾಜಾಳಿಯಲ್ಲಿ ಅಬಕಾರಿಯವರು ಬಾಟಲಿ ಹುಡುಕುತ್ತಾರೆ, ಸುಮ್ನೆ 'ಸಾಮಾನು' ಅಂತ ಬರೆದ ಪೆಟ್ಟಿಗೆ ನೋಡಿದರೆ ಬಿಚ್ಚಿಸದೆ ಬಿಡ್ತಾರಾ?

ಎಲ್‌ಆರ್ (ಬುಕ್ ಮಾಡಿದಾಗ ಟ್ರಾನ್ಸ್‌ಪೋರ್ಟಿನವರು ಕೊಡೋ ಲಾರಿ ರಸೀದಿ) ಕಾಪಿ ಮಾತ್ರ ಕಳೀಬೇಡಿ. ಮಾಲು ಕಳೆದೋ ಕೆಟ್ಟೋ ಹೋದರೆ, ಕೋರ್ಟಿಗೆ ಹೋಗೋ ಮುಂಚೆ ಟ್ರಾನ್ಸ್‌ಪೋರ್ಟಿನವರಿಗೆ ನೋಟಿಸ್ ಕೊಡಬೇಕು, ಬುಕ್ ಮಾಡಿದ ದಿನದಿಂದ 180 ದಿನದ ಒಳಗೆ. ಬೆಲ್ಲದ ಪ್ರಕರಣದ ಮೇಲೆ ನಾನು ಎಲ್ಲ ಕಾಪಿಗಳನ್ನೂ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಇಡ್ತಿದ್ದೇನೆ.